ಹಿತ್ತಲಿಗೆ ಹೋಗಿ ಮೊಳ ಹಾಕಿದವರು

ಓದುಗರ ಪತ್ರ:

‘ಸಂಪಾದಕರೇ, ಕಳೆದ ಸಂಚಿಕೆಯ “ಹಬ್ಬಕ್ಕೆ ಬಂದ ಪುಸ್ತಕ” ಪುಟಗಳನ್ನು ಓದಿದೆ. ಹುಟ್ಟುಹಬ್ಬಕ್ಕೋ ಮದುವೆಗೋ ಗೃಹಪ್ರವೇಶಕ್ಕೋ ಉಡುಗೊರೆಯಾಗಿ ಬಂದ ಪುಸ್ತಕದ ಬಗ್ಗೆ ಅಭಿಪ್ರಾಯ ಬರೆಯಿರಿ ಎಂದು ಕೇಳಿದ್ದಿರಿ. ಹನ್ನೊಂದು ಪತ್ರ ಅಚ್ಚಾಗಿವೆ. ಹನ್ನೊಂದರಲ್ಲೂ ಕೇಕು ಇದೆ, ಪಾಯಸ ಇದೆ, ಕೊಟ್ಟವರ ದೊಡ್ಡ ಮನಸ್ಸು ಇದೆ. ಪುಸ್ತಕ ಮಾತ್ರ ಇಲ್ಲ. ಚೆನ್ನಾಗಿಲ್ಲ ಎಂದು ಒಬ್ಬರೂ ಹೇಳಿಲ್ಲ. ಇದು ಓದುಗರ ಅಭಿಪ್ರಾಯವೋ, ಮುಯ್ಯಿ ಪಟ್ಟಿಯೋ? ಹುಟ್ಟುಹಬ್ಬ ನಮ್ಮದಲ್ಲ, ಅದಕ್ಕೆ ಪುಸ್ತಕ ಕೊಡುವ ಚಾಳಿಯೂ ನಮ್ಮದಲ್ಲ. ಡಿಸೆಂಬರ್ 29 ಬಂದರೆ ಕುವೆಂಪು ಪಟಕ್ಕೊಂದು ಹಾರ, ಅರವತ್ತಾದವರಿಗೊಂದು ಅಭಿನಂದನ ಗ್ರಂಥ. ಯಾವುದನ್ನೂ ಯಾರೂ ಓದುವುದಿಲ್ಲ. ಅಂಕಣ ನಿಲ್ಲಿಸಿ. ನನ್ನ ನಿವೃತ್ತಿಗೆ ಬಂದ ಪುಸ್ತಕಗಳೂ ಅಟ್ಟದ ಮೇಲೆ ಕೂತಿವೆ.’

– ನಿವೃತ್ತ ಶಿಕ್ಷಕರೊಬ್ಬರು, ತೀರ್ಥಹಳ್ಳಿ ತಾಲ್ಲೂಕು

ಸಂಪಾದಕರ ಉತ್ತರ:

ಮೇಷ್ಟ್ರೇ, ನಮಸ್ಕಾರ.

ನಿಮ್ಮ ಪತ್ರ ಬಂದ ದಿನ ಶಿವಮೊಗ್ಗದಲ್ಲಿ ಗುಡುಗು ಮಳೆ, ಕಚೇರಿಯಲ್ಲಿ ಕರೆಂಟ್ ಇರಲಿಲ್ಲ. ಕಿಟಕಿಗೆ ಹಿಡಿದು ಎರಡು ಸಲ ಓದಿದೆ. ಮೊದಲನೇ ಸಲ ಸಿಟ್ಟು ಬಂತು. ಎರಡನೇ ಸಲ ‘ಚೆನ್ನಾಗಿಲ್ಲ ಎಂದು ಒಬ್ಬರೂ ಹೇಳಿಲ್ಲ’ ಎಂಬಲ್ಲಿಗೆ ಬಂದು ಕಣ್ಣು ನಿಂತಿತು. ಒಬ್ಬರು ಹೇಳಿದ್ದರು. ಆ ಪತ್ರವನ್ನು ಕಡತದಲ್ಲಿ ಮುಚ್ಚಿಟ್ಟದ್ದು ನಾನು.

ಬರೆದವಳು ಸಾಗರದ ಕಡೆಯ ಏಳನೇ ಕ್ಲಾಸಿನ ಹುಡುಗಿ. ಅಡಿಕೆ ಮಂಡಿಯವರು ಹೊಸ ವರ್ಷಕ್ಕೆ ಕೊಡುತ್ತಾರಲ್ಲ, ಆ ಡೈರಿಯ ಹಾಳೆ ಹರಿದು ಎರಡೂ ಬದಿ ತುಂಬಿಸಿ ಕಳಿಸಿದ್ದಳು. ಮೂರು ವರ್ಷದ ಮೂರು ಹುಟ್ಟುಹಬ್ಬಕ್ಕೆ ಮೂವರು ಮಾವಂದಿರು ಮಹಾಪುರುಷರ ಬಾಲ್ಯದ ಪುಸ್ತಕಗಳನ್ನೇ ಕೊಟ್ಟಿದ್ದರಂತೆ. ಅವಳ ಮಾತು ಹೀಗಿದೆ: ‘ಅವರು ಯಾರೂ ಚಿಕ್ಕವರಿದ್ದಾಗ ಸುಳ್ಳು ಹೇಳಿಲ್ಲ. ನಮ್ಮ ಮಾವ ಹೇಳುತ್ತಿದ್ದ ಅಂತ ಅಜ್ಜಿ ಹೇಳಿದ್ದಾರೆ. ಮೂರು ಪುಸ್ತಕದಲ್ಲಿ ಒಂದು ಸಲವೂ ಮಳೆ ಬಂದಿಲ್ಲ. ಚಿತ್ರದಲ್ಲಿ ಎಲ್ಲರಿಗೂ ವಯಸ್ಸಾಗಿದೆ. ನಾನು ಪೂರ್ತಿ ಓದಿದೆ, ನನಗೆ ಇಷ್ಟ ಆಗಲಿಲ್ಲ.’

ಮೂರು ಪುಸ್ತಕದಲ್ಲಿ ಒಂದು ಸಲವೂ ಮಳೆ ಬಂದಿಲ್ಲ! ಮಲೆನಾಡಿನ ಮಗು ಮಾತ್ರ ಹಿಡಿಯಬಹುದಾದ ದೋಷ ಇದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೊಡೆ ಬಿಟ್ಟು ಹೊರಡದ ಊರಿನವಳಿಗೆ, ಬಾಲ್ಯ ಎಂದು ಬರೆದು ಅದರಲ್ಲಿ ಒಂದು ಹನಿಯನ್ನೂ ಹಾಕದ ಲೇಖಕ ಏನೋ ಮುಚ್ಚಿಡುತ್ತಿದ್ದಾನೆ ಎಂದು ಅನಿಸಿರಬೇಕು. ಇದಕ್ಕಿಂತ ಒಳ್ಳೆಯ ವಿಮರ್ಶೆ ನಮ್ಮ ಪತ್ರಿಕೆಗೆ ಇತ್ತೀಚೆಗೆ ಬಂದಿಲ್ಲ. ಆದರೂ ಹಾಕಲಿಲ್ಲ. ‘ಮಗು, ಮನೆಯಲ್ಲಿ ಬೈಸಿಕೊಂಡೀತು’ ಎಂದು ಸಹೋದ್ಯೋಗಿಗಳಿಗೆ ಹೇಳಿದೆ. ಅದು ನೆಪ. ಆ ಮಾವಂದಿರಲ್ಲಿ ಒಬ್ಬರು ನಮ್ಮ ಹಳೆಯ ಚಂದಾದಾರರು, ನಿಜವಾದ ಕಾರಣ ಅದು.

ನಮ್ಮಲ್ಲಿ ಗಾದೆಯೇ ಇದೆಯಲ್ಲ, ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದರಂತೆ ಅಂತ. ಚಿಕ್ಕಂದಿನಿಂದ ಕೇಳಿದ್ದೇನೆ. ಈಗೀಗ ಅನುಮಾನ, ಇದನ್ನು ಕಟ್ಟಿದವರು ಕೊಟ್ಟವರ ಕಡೆಯವರೇ ಇರಬೇಕು. ಉಡುವವನಿಗೆ ಮೊಳ ಗೊತ್ತಾಗಬೇಡವೇ? ಪಾಪ, ಅವನು ಎದುರಿಗೆ ಅಳೆಯಲಿಲ್ಲ, ಹಿತ್ತಲಿಗೆ ಹೋದ. ನಮ್ಮ ಹನ್ನೊಂದು ಓದುಗರೂ ಹಿತ್ತಲಲ್ಲಿ ಅಳೆದೇ ಇರುತ್ತಾರೆ. ಜಗಲಿಗೆ ಬಂದು ಹೇಳಲು ಸಂಕೋಚ, ಅಷ್ಟೇ.

ಇನ್ನೊಂದು ತಪ್ಪನ್ನೂ ಒಪ್ಪಿಕೊಂಡುಬಿಡುತ್ತೇನೆ. ಪತ್ರಗಳಲ್ಲಿ ಪುಸ್ತಕ ಇಲ್ಲ ಅಂದಿರಿ. ಕೆಲವರಲ್ಲಿ ಇತ್ತು. ಪುಟ ಸಾಲದೆ ಕತ್ತರಿ ಹಾಕುವಾಗ ನಾವು ಕೇಕನ್ನು ಉಳಿಸಿ ಪುಸ್ತಕವನ್ನು ಕತ್ತರಿಸಿದೆವು. ಹೊಸನಗರ ತಾಲ್ಲೂಕಿನ ಒಬ್ಬ ಕೃಷಿಕರ ಪತ್ರ ನಿಮಗೆ ನೆನಪಿರಬಹುದು, ಮದುವೆಗೆ ‘ಮಲೆಗಳಲ್ಲಿ ಮದುಮಗಳು’ ನಾಲ್ಕು ಪ್ರತಿ ಬಂದಿದ್ದವು ಎಂದು ಬರೆದವರದು. ನಮ್ಮ ಕಡೆ ಇದು ಹಳೆಯ ತಮಾಷೆ. ಹೆಸರಿನಲ್ಲಿ ಮದುಮಗಳಿದ್ದಾಳೆ ಎಂದು ಪುಸ್ತಕವನ್ನು ಮದುವೆಗೆ ಕೊಡುವುದು, ಅಷ್ಟು ದಪ್ಪ ಇದೆ ಎಂದು ಮದುಮಕ್ಕಳು ಅದನ್ನು ಬೀರುವಿನಲ್ಲಿಡುವುದು. ನಾವು ಅಚ್ಚು ಮಾಡಿದ್ದು ಆ ನಾಲ್ಕು ಪ್ರತಿಯ ತಮಾಷೆಯನ್ನು. ಬಿಟ್ಟದ್ದು ಇದನ್ನು: ಇಪ್ಪತ್ತು ವರ್ಷ ಮುಟ್ಟದೆ ಇದ್ದು, ಒಂದು ಮಳೆಗಾಲ ಕಾಲು ಉಳುಕಿ ಮನೆಯಲ್ಲಿ ಕೂತಾಗ ಒಂದು ಪ್ರತಿ ತೆಗೆದರಂತೆ. ಬೂಷ್ಟಿನ ವಾಸನೆ. ‘ಮೊದಲ ನೂರು ಪುಟ ಯಾರು ಯಾರ ಮನೆಯವರು ಎಂದು ತಿಳಿಯದೆ ಒದ್ದಾಡಿದೆ. ಒಂದು ಕಾಗದದಲ್ಲಿ ಮನೆಗಳ ಹೆಸರು ಬರೆದಿಟ್ಟುಕೊಂಡೆ. ಆಮೇಲೆ ಬಿಡಲಾಗಲಿಲ್ಲ. ಮದುವೆಗೆ ಬಂದ ಪುಸ್ತಕದಲ್ಲಿ ಕೊನೆಗೆ ನನ್ನಲ್ಲಿ ಉಳಿದದ್ದು ಗುತ್ತಿಯ ನಾಯಿ ಹುಲಿಯ. ಅದು ತುಂಗೆಯಲ್ಲಿ ಹೋದ ಮೇಲೆ ಎರಡು ದಿನ ನಮ್ಮ ನಾಯಿಯನ್ನು ಗದರಲಿಲ್ಲ.’

ಇದನ್ನು ಕತ್ತರಿಸಿದ ಕೈಗೆ ಏನು ಹೇಳಬೇಕೋ ನೀವೇ ಹೇಳಿ. 1967ರಲ್ಲಿ ಬಂದ ಆ ಕಾದಂಬರಿಯ ಬಗ್ಗೆ ಪಂಡಿತರು ಬರೆದದ್ದು ರಾಶಿ ಇದೆ. ಮನೆಗಳ ಹೆಸರು ಬರೆದಿಟ್ಟುಕೊಂಡು ಓದಿ ಎಂದು ಹೊಸ ಓದುಗನಿಗೆ ಉಪಯೋಗಕ್ಕೆ ಬರುವ ಮಾತನ್ನು ಅವರು ಹೇಳಿದ್ದು ನಾನು ನೋಡಿಲ್ಲ.

ಇಲ್ಲಿಯವರೆಗೆ ನೀವು ಗೆದ್ದಿರಿ. ಇನ್ನು ಜಗಳ.

ಹುಟ್ಟುಹಬ್ಬವೂ ಪುಸ್ತಕ ಕೊಡುವುದೂ ನಮ್ಮದಲ್ಲ ಎಂದಿರಲ್ಲ, ಅದನ್ನು ಒಪ್ಪಲಾರೆ. ಮೇಣದಬತ್ತಿ ಊದುವುದು ನಮ್ಮದಲ್ಲ, ಸರಿ. ಎಣ್ಣೆ ನೀರು, ಆರತಿ, ಪಾಯಸ, ಅದೂ ತಿಥಿಯೋ ನಕ್ಷತ್ರವೋ ನೋಡಿ, ಅದೂ ಹೆಚ್ಚಾಗಿ ಗಂಡುಮಕ್ಕಳಿಗೆ, ಇಷ್ಟೇ ಇತ್ತು. ಆದರೆ ರಾಮನವಮಿ, ಕೃಷ್ಣಾಷ್ಟಮಿ, ಮಹಾವೀರ ಜಯಂತಿ, ಬಸವ ಜಯಂತಿ ಇವೆಲ್ಲ ಏನು? ಪಂಚಾಂಗದ ಹಬ್ಬಗಳಲ್ಲಿ ಎಷ್ಟೋ ಯಾರದೋ ಹುಟ್ಟುಹಬ್ಬವೇ. ರಾಮನವಮಿಗೆ ಪಾನಕ ಕೋಸಂಬರಿಯ ಜೊತೆ ರಾಮಾಯಣದ ಪಾರಾಯಣ ಇದ್ದೇ ಇತ್ತು. ಹುಟ್ಟಿದ ದಿನಕ್ಕೆ ಪುಸ್ತಕ ತೆರೆಯುವುದನ್ನು ನಮಗೆ ಹೊರಗಿನವರು ಕಲಿಸಬೇಕಾಗಿರಲಿಲ್ಲ.

ಸಂದರ್ಭಕ್ಕೆ ತಕ್ಕ ಓದೂ ಇತ್ತು. ಮಳೆ ತಡವಾದರೆ ವಿರಾಟಪರ್ವ, ಮದುವೆ ತಡವಾದರೆ ಗಿರಿಜಾ ಕಲ್ಯಾಣವೋ ರುಕ್ಮಿಣಿ ಕಲ್ಯಾಣವೋ. ಫಲ ಬಂತೇ ಎಂದು ನನ್ನನ್ನು ಕೇಳಬೇಡಿ. ತುಂಗೆಯ ದಡದ ಹೊಸಹಳ್ಳಿಯ ಗಮಕ ಕೇಳಿದವರಿಗೆ ಗೊತ್ತು, ಅಲ್ಲಿ ಒಬ್ಬರು ಹಾಡುತ್ತಾರೆ, ಒಬ್ಬರು ಅರ್ಥ ಹೇಳುತ್ತಾರೆ, ಉಳಿದವರು ಕೂತು ತೂಗುತ್ತಾರೆ. ನನ್ನ ಅಜ್ಜನ ಕಾಲದ ಜಗಲಿಯಲ್ಲಿ ಕವಳ ಉಗಿದು ಬಂದ ಹಿರಿಯರು ‘ಇವತ್ತು ಅರ್ಥ ಸಾಲದು, ನಾಳೆ ಇದೇ ಪದ್ಯ ಇನ್ನೊಮ್ಮೆ’ ಎಂದು ಮುಖಕ್ಕೇ ಹೇಳುತ್ತಿದ್ದರಂತೆ. ಸಮಾರಂಭವೂ ನಡೆಯುತ್ತಿತ್ತು, ಅಭಿಪ್ರಾಯವೂ ಹೊರಬೀಳುತ್ತಿತ್ತು. ನಾವು ಕಳೆದುಕೊಂಡದ್ದು ಆ ಎರಡನೆಯದನ್ನು.

ಕೊಡುವ ಮಾತಿಗೆ ಬಂದರೆ ಹತ್ತನೆಯ ಶತಮಾನಕ್ಕೇ ಹೋಗಬೇಕು. ಅತ್ತಿಮಬ್ಬೆ ಪೊನ್ನನ ‘ಶಾಂತಿಪುರಾಣ’ವನ್ನು ಸಾವಿರ ಪ್ರತಿ ಮಾಡಿಸಿ ಹಂಚಿದ್ದು ನೀವು ಮಕ್ಕಳಿಗೆ ಪಾಠ ಮಾಡಿದ್ದೇ ಅಲ್ಲವೇ? ತಾಳೆಗರಿಯಲ್ಲಿ, ಕಬ್ಬಿಣದ ಮೊನೆಯ ಕಂಟದಿಂದ, ಒಂದೊಂದೇ ಅಕ್ಷರ ಕೊರೆದು ಸಾವಿರ ಪ್ರತಿ! ಜೈನರಲ್ಲಿ ನೋಂಪಿ, ಅಂದರೆ ವ್ರತ, ಮುಗಿಸಿ ಅದರ ಕೊನೆಯ ಪೂಜೆಯಾದ ಉದ್ಯಾಪನೆ ಮಾಡುವಾಗ ಗ್ರಂಥವೊಂದನ್ನು ಬರೆಸಿ ಶಾಸ್ತ್ರದಾನ ಕೊಡುವ ವಾಡಿಕೆ ಇತ್ತು. ಜೈನ ಕ್ಷೇತ್ರ ಹೊಂಬುಜ ನಮ್ಮದೇ ಜಿಲ್ಲೆಯಲ್ಲಿದೆ, ನಿಮ್ಮ ಮನೆಯಿಂದ ಏನು ಮಹಾ ದೂರ?

ಅಷ್ಟು ಹಿಂದಕ್ಕೆ ಹೋಗುವುದು ಬೇಡವೆಂದರೆ ನಿಮ್ಮ ತಾಲ್ಲೂಕಿನದೇ ಉದಾಹರಣೆ ಕೊಡುತ್ತೇನೆ. ಕುವೆಂಪು ಅವರ ‘ಮಂತ್ರಮಾಂಗಲ್ಯ’ ಜೇಬಿನಲ್ಲಿ ಹಿಡಿಯುವ ಪುಸ್ತಕ. ಅದು ಮದುವೆಗೆ ಕೊಡುವ ಪುಸ್ತಕವಲ್ಲ, ಮದುವೆಯೇ ಆ ಪುಸ್ತಕ. ವಾಲಗ, ವರದಕ್ಷಿಣೆ ಬೇಡ. ಗಂಡು ಹೆಣ್ಣು ನಿಂತು, ಓದಿದ್ದಕ್ಕೆ ಒಪ್ಪಿಗೆ ಕೊಟ್ಟರೆ ಮುಗಿಯಿತು. ಕೊಪ್ಪದ ಕಡೆಯ ಓದುಗರೊಬ್ಬರು ಅದರ ಬಗ್ಗೆ ಎರಡೇ ಸಾಲು ಬರೆದಿದ್ದರು: ‘ಓದುವಾಗ ನನ್ನ ಕೈ ನಡುಗಿತು. ಭಾಷೆ ಸ್ವಲ್ಪ ಗಟ್ಟಿ, ಮೊದಲೇ ನಾಲ್ಕು ಸಲ ಗಟ್ಟಿಯಾಗಿ ಓದಿಕೊಳ್ಳುವುದು ಒಳ್ಳೆಯದು.’ ಹೊಗಳಿಕೆಯ ಪಕ್ಕದಲ್ಲೇ ಎಷ್ಟು ಸಹಜವಾಗಿ ಒಂದು ಕೊರೆ ಬಂದಿದೆ ನೋಡಿ.

ಡಿಸೆಂಬರ್ 29ರ ಹಾರದ ಬಗ್ಗೆ ನಿಮ್ಮೊಂದಿಗೆ ವಾದವಿಲ್ಲ. ಆ ದಿನ ಕುಪ್ಪಳಿಯಲ್ಲಿ ಫೋಟೊ ತೆಗೆಸಿಕೊಂಡವರನ್ನು ಕೇಳಿ, ಕವಿ ಹುಟ್ಟಿದ್ದು ಹಿರೇಕೊಡಿಗೆಯ ತಾಯಿಮನೆಯಲ್ಲಿ ಎಂಬುದು ಎಷ್ಟು ಜನಕ್ಕೆ ಗೊತ್ತಿದೆ ಎಂದು. ಮಾಸ್ತಿಯವರದು ಇನ್ನೂ ಪೇಚು. ಅವರು ಹುಟ್ಟಿದ್ದು 1891ರ ಜೂನ್ 6, ತೀರಿಕೊಂಡದ್ದು 1986ರ ಜೂನ್ 6. ಹಾರ ತರುವವರು ಯಾವ ಮುಖ ಮಾಡಬೇಕೋ ತಿಳಿಯದು. ಒಂದು ಸಣ್ಣಕತೆ ಓದಿದರೆ ಎರಡಕ್ಕೂ ಆಗುತ್ತದೆ. 2021ರ ಆಗಸ್ಟಿನಲ್ಲಿ ರಾಜ್ಯ ಸರ್ಕಾರವೇ, ಸರ್ಕಾರಿ ಸಮಾರಂಭಗಳಲ್ಲಿ ಹಾರ, ತುರಾಯಿ, ಶಾಲು, ಹಣ್ಣಿನ ಬುಟ್ಟಿ ಬೇಡ, ಬೇಕಾದರೆ ಕನ್ನಡ ಪುಸ್ತಕ ಕೊಡಿ ಎಂದು ಹೇಳಿತು. ಒಳ್ಳೆಯದೇ. ಹಾಗೆ ಬಂದ ಪುಸ್ತಕಗಳ ಮೇಲಿನ ಪ್ಲಾಸ್ಟಿಕ್ ಹೊದಿಕೆ ಎಷ್ಟು ಕಡೆ ಬಿಚ್ಚಿದೆ ಎಂಬುದನ್ನು ನೋಡಲು ಒಂದು ಸುತ್ತೋಲೆ ಬೇಕಾದೀತು.

ಅಭಿನಂದನ ಗ್ರಂಥದ ವಿಷಯದಲ್ಲಿ ಮಾತ್ರ ನೀವು ಅವಸರ ಮಾಡಿದಿರಿ. ಬಿಎಂಶ್ರೀಯವರಿಗೆ ಅರ್ಪಿಸಿದ ‘ಸಂಭಾವನೆ’ಯ ಕಾಲದಿಂದ ಅದು ಕನ್ನಡದಲ್ಲಿ ಒಂದು ಪರಂಪರೆ. ನಿಜ, ಈಗಿನವು ಎತ್ತಿದರೆ ಕೈ ನೋಯುತ್ತವೆ. ಮೊದಲ ನೂರು ಪುಟ ಸಂದೇಶ, ಶುಭಾಶಯ, ರಿಬ್ಬನ್ ಕತ್ತರಿಸುವ ಫೋಟೊ. ಅಲ್ಲಿಗೇ ಮುಚ್ಚಿಬಿಡಬೇಡಿ. ಹಿಂದಿನಿಂದ ತೆರೆಯಿರಿ. ನಮ್ಮ ಪತ್ರಿಕೆಗಾಗಿ ಶರಾವತಿ ಹಿನ್ನೀರಿನಲ್ಲಿ ಮುಳುಗಿದ ಊರೊಂದರ ಸಂತೆಯ ಬಗ್ಗೆ ಹುಡುಕುತ್ತಿದ್ದಾಗ ಯಾವ ಚರಿತ್ರೆ ಪುಸ್ತಕದಲ್ಲೂ ಸಿಗದ ಮೂರು ಪುಟ ನನಗೆ ಸಿಕ್ಕಿದ್ದು ಒಬ್ಬ ಸಹಕಾರಿ ಧುರೀಣರ ಅಭಿನಂದನ ಗ್ರಂಥದಲ್ಲಿ. ಬರೆದವರು ಆ ಧುರೀಣರನ್ನು ಕೊನೆಯ ಸಾಲಿನಲ್ಲಿ ಒಮ್ಮೆ ನೆನೆದಿದ್ದರು, ಮರ್ಯಾದೆಗೆ. ಈ ಗ್ರಂಥಗಳ ಒಳ್ಳೆಯ ಲೇಖನ ಸಾಮಾನ್ಯವಾಗಿ ಅಭಿನಂದಿತರ ಬಗ್ಗೆ ಇರುವುದಿಲ್ಲ. ಹಳ್ಳಿ ಶಾಲೆಯ, ಹೊಳೆ ದಾಟುವ ದೋಣಿಯ, ಕೊಳೆರೋಗ ಬಂದ ವರ್ಷದ ನೆನಪು ಅಚ್ಚಾಗಲು ಬೇರೆ ಜಾಗ ಎಲ್ಲಿದೆ ಹೇಳಿ.

ಮತ್ತೆ ಆ ಹುಡುಗಿಯ ಹಾಳೆಗೆ ಬರುತ್ತೇನೆ, ಅದು ಮೇಜಿನ ಮೇಲೇ ಇದೆ. ಮಂಡಿ ಡೈರಿಯ ಗೆರೆ ನೋಡಿದಾಗಲೆಲ್ಲ ಇನ್ನೊಂದು ಹುಟ್ಟುಹಬ್ಬದ ಪುಸ್ತಕ ನೆನಪಾಗುತ್ತದೆ. 1942ರ ಜೂನ್ 12ರಂದು ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಹದಿಮೂರು ತುಂಬಿದ ಯಹೂದಿ ಹುಡುಗಿ ಆನ್ ಫ್ರಾಂಕ್‌ಗೆ ಸಿಕ್ಕಿದ್ದು ಕೆಂಪು ಬಿಳಿ ಚೌಕುಳಿ ಹೊದಿಕೆಯ, ಒಳಗೆ ಏನೂ ಬರೆಯದ ಪುಸ್ತಕ. ಒಂದು ತಿಂಗಳು ತುಂಬುವ ಮೊದಲೇ ಮನೆಯವರೆಲ್ಲ ನಾಜಿಗಳಿಂದ ಅಡಗಿಕೊಳ್ಳಬೇಕಾಯಿತು. ಅವಳು ಅದರಲ್ಲಿ ಯಾರ ಮುಲಾಜಿಗೂ ಬೀಳದೆ ಬರೆದಳು, ಹೆತ್ತ ತಾಯಿಯ ಮೇಲಿನ ಸಿಟ್ಟನ್ನೂ. ಯುದ್ಧ ಮುಗಿದ ಮೇಲೆ, ಮನೆಯವರಲ್ಲಿ ಒಬ್ಬನೇ ಉಳಿದ ತಂದೆ 1947ರಲ್ಲಿ ಅದನ್ನು ಪ್ರಕಟಿಸುವಾಗ ಅಂಥ ಕೆಲವು ಭಾಗಗಳನ್ನು ತೆಗೆದರು. ಎಷ್ಟೋ ವರ್ಷದ ನಂತರದ ಆವೃತ್ತಿಗಳಲ್ಲಿ ಅವು ಮರಳಿ ಬಂದವು. ಸತ್ತುಹೋದ ಹೆಂಡತಿಯ ಮಾನ ಕಾಯಲು ಆ ತಂದೆ ಹಾಗೆ ಮಾಡಿದ್ದಿರಬಹುದು, ಅವರ ಸಂಕಟ ಯಾರಿಗೂ ಬೇಡ. ನನಗೆ ಇದ್ದದ್ದು ಒಬ್ಬ ಚಂದಾದಾರರ ಭಯ.

ಅಂಕಣ ನಿಲ್ಲಿಸುವುದಿಲ್ಲ, ಮೇಷ್ಟ್ರೇ. ಮುಂದಿನ ಸಂಚಿಕೆಯಲ್ಲಿ ಹುಡುಗಿಯ ಪತ್ರ ಇಡಿಯಾಗಿ ಬರುತ್ತದೆ, ಊರು ಹೆಸರು ಬಿಟ್ಟು. ಅವಳ ತಾಯಿಗೆ ಫೋನ್ ಮಾಡಿ ಒಪ್ಪಿಗೆ ಪಡೆದಿದ್ದೇನೆ. ಧೈರ್ಯ ಮಾಡಿ ಆ ಮಾವನಿಗೂ ಮಾಡಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹಾಕಿ. ನಾನೇ ಅದನ್ನು ಓದಿರಲಿಲ್ಲ’ ಅಂದರು. ಹೊಸನಗರದವರ ನಾಯಿಯೂ ಬರುತ್ತದೆ. ಇನ್ನು ಮುಂದೆ ಜಾಗ ಸಾಲದಿದ್ದರೆ ಕೇಕು ಕತ್ತರಿಸುತ್ತೇವೆ.

ಆದರೆ ನಿಮ್ಮ ಪತ್ರದ ಕೊನೆಯ ಸಾಲನ್ನು ಬಿಡುವ ಹಾಗಿಲ್ಲ. ನಿವೃತ್ತಿಗೆ ಬಂದ ಪುಸ್ತಕಗಳು ಅಟ್ಟದ ಮೇಲೆ ಕೂತಿವೆ ಎಂದಿರಿ, ಯಾವ ಪುಸ್ತಕ ಎಂದು ನೀವೂ ಹೇಳಲಿಲ್ಲ. ಮಳೆ ಹಿಡಿಯುವ ಮೊದಲು ಇಳಿಸಿ, ಒಂದು ಬಿಸಿಲಿಗೆ ಹಾಕಿ, ಮತ್ತೆ ಇಡುವಾಗ ನಡುವೆ ನಾಲ್ಕು ಬಜೆ ಬೇರು ಸೇರಿಸಿ. ಗೆದ್ದಲು ಬಂದಿದ್ದರೆ ಅದಕ್ಕೆ ನಮ್ಮಲ್ಲಿ ಮದ್ದಿಲ್ಲ. ಅದರಲ್ಲಿ ಒಂದನ್ನು ಓದಿ ಇನ್ನೂರು ಪದ ಬರೆಯಿರಿ. ಕೊಟ್ಟವರು ನಿಮ್ಮ ಹಳೆಯ ಶಿಷ್ಯರೇ ಇರಬಹುದು, ಅದನ್ನೆಲ್ಲ ನೋಡಬೇಡಿ. ಹತ್ತನೇ ತಾರೀಖಿನೊಳಗೆ ಅಂಚೆಗೆ ಹಾಕಿದರೆ ಹುಡುಗಿಯ ಪತ್ರದ ಎದುರು ಪುಟದಲ್ಲಿ ಜಾಗ ಇಟ್ಟಿರುತ್ತೇನೆ.

– ಸಂ.