ಇಂಗ್ಲಿಷ್ ಪದಗಳ ಪುಸ್ತಕ ಬಾಯಿಪಾಠ ಮಾಡಿದರೆ ಸ್ಪರ್ಧಾತ್ಮಕ ಪರೀಕ್ಷೆಗೆ ಸಾಕಾ?

ಬ್ಯಾಡ್ರಿ, ಆ ಪುಸ್ತಕ ಮುಚ್ಚಿಡ್ರಿ. ಕನ್ನಡ ಮಾಧ್ಯಮ, "ಬರೆಯೋದೊಂದು ಓದೋದೊಂದು, ಈ ಭಾಷೆಗೆ ತಲೆಬುಡ ಇಲ್ಲ" ಅನ್ನೋ ನಿಮ್ಮ ಸಿಟ್ಟು, ಎಲ್ಲಾ ನಂದೇ ಕಥೆ. ಇಂಡಿ ತಾಲೂಕಿನ ಹಳ್ಳಿಯಿಂದ ಬಂದು ವಿಜಯಪುರದಲ್ಲಿ ಗೋಳಗುಮ್ಮಟದ ಸಮೀಪ ರೂಮ್ ಮಾಡಿದ್ದೆ. ನೋಟ್‌ಬುಕ್ಕಿನ ಹಾಳೆಗೆ ನಡುವೆ ಗೆರೆ ಎಳೆದು, ಎಡಕ್ಕೆ ಇಂಗ್ಲಿಷ್ ಪದ, ಬಲಕ್ಕೆ ಒಂದೇ ಒಂದು ಕನ್ನಡ ಅರ್ಥ. ರಾತ್ರಿ ಮೆಸ್‌ನಿಂದ ಉಂಡು ಬಂದು ಗಟ್ಟಿಯಾಗಿ ಓದಿ ಒಪ್ಪಿಸೋದು.

ಪರೀಕ್ಷೆಯಲ್ಲಿ ಕನ್ನಡಕ್ಕೆ ಅನುವಾದ ಮಾಡಲು ಒಂದು ಪ್ಯಾರಾ ಬಂತು. ಒಂದು ದೇಶ ಇನ್ನೊಂದರ ಮೇಲೆ 'ಸ್ಯಾಂಕ್ಷನ್ಸ್' ಹೇರಿದ ಸುದ್ದಿ. ನನಗೆ ಈ ಪದದ ಬಗ್ಗೆ ಅನುಮಾನವೇ ಇರಲಿಲ್ಲ. ನಮ್ಮಪ್ಪ ಸೊಸೈಟಿಯಿಂದ ಬಂದು "ಸಾಲ ಸ್ಯಾಂಕ್ಷನ್ ಆತು" ಅನ್ನೋದನ್ನ ಕೇಳಿಯೇ ಬೆಳೆದವನು ನಾನು. ನೋಟ್‌ಬುಕ್ಕಿನಲ್ಲೂ 'ಮಂಜೂರಾತಿ' ಅಂತಲೇ ಇತ್ತು. ಹಾಗೇ ಬರೆದೆ. ಆದರೆ ಆ ಪದಕ್ಕೆ ನಿರ್ಬಂಧ, ದಂಡನೆ ಅನ್ನೋ ಅರ್ಥವೂ ಇದೆ. ಮೊದಲ ವಾಕ್ಯದಲ್ಲೇ ಮಂಜೂರಾತಿ ಅಂದಮೇಲೆ ಮುಂದಿನವು ಹೊಂದಲಿಲ್ಲ. ಹೊಂದಿಸೋಕೆ ಅಂತ ಅವನ್ನೂ ತಿರುಚಿದೆ. ವ್ಯಾಪಾರ ನಿಂತಿದ್ದು ನೆರವು ಸಿಕ್ಕಿದ್ದಾಯಿತು, ಜನರ ಕಷ್ಟ ಜನರ ಸಂತೋಷವಾಯಿತು. ಇಡೀ ಪ್ಯಾರಾ ಉಲ್ಟಾ! ಆ ಸಲ ಕಡಿಮೆ ಬಿದ್ದ ಅಂಕ ಇದರಲ್ಲೇ ಹೋಗಿತ್ತು, ನೌಕರಿ ಕೈತಪ್ಪಿತು. ಪದ ಗೊತ್ತಿಲ್ಲದಿದ್ದರೆ ಮುಂದಿನ ವಾಕ್ಯ ನೋಡಿ ಊಹಿಸುತ್ತಿದ್ದೆ. ಗೊತ್ತು ಅಂದುಕೊಂಡಿದ್ದೇ ಕುತ್ತಾಯಿತು.

ಆಮೇಲೆ ಹಟಕ್ಕೆ ಬಿದ್ದು ಹುಡುಕಿದೆ. ಮೂಲ ಲ್ಯಾಟಿನ್, ಅಲ್ಲಿ ಅದು ವಿಧಿಸಿದ ಕಟ್ಟಳೆ. ಕಟ್ಟಳೆಯಿಂದ ಸಿಗುವ ಒಪ್ಪಿಗೆಗೂ, ಅದನ್ನ ಮುರಿದರೆ ಬೀಳುವ ಶಿಕ್ಷೆಗೂ ಇಂಗ್ಲಿಷ್ ಒಂದೇ ಪದ ಉಳಿಸಿಕೊಂಡಿತು. ಇದು ತಿಳಿದ ದಿನದಿಂದ ನನಗೆ ಆ ಭಾಷೆಯ ಮೇಲೆ ಪ್ರೀತಿ ಹುಟ್ಟಿತು.

ಹಾಗಾಗಿ 'ತಲೆಬುಡ ಇಲ್ಲ' ಅನ್ನೋ ನಿಮ್ಮ ಮಾತನ್ನ ನಾನು ಒಪ್ಪೋದಿಲ್ಲ. 'ಸೈನ್' ಅನ್ನುವಾಗ ಸುಮ್ಮನೆ ಕೂತ 'ಜಿ', 'ಸಿಗ್ನೇಚರ್' ಅಂದಕೂಡಲೇ ಮಾತಾಡುತ್ತೆ. ಸಾಲ ಅನ್ನೋ ಅರ್ಥದ 'ಡೆಟ್' ಫ್ರೆಂಚಿನಿಂದ 'ಬಿ' ಇಲ್ಲದೇ ಬಂತು, ಪಂಡಿತರು ಲ್ಯಾಟಿನ್ ಮೂಲ ನೆನಪಿಸೋಕೆ ಆಮೇಲೆ ಸೇರಿಸಿದರು. ಬ್ಯಾಂಕಿನ 'ಡೆಬಿಟ್' ಇದರದೇ ಬಳಗ. 'ನೈಟ್' ಅಂದರೆ ಕುದುರೆ ಏರುವ ಯೋಧ, ಅದರ 'ಕೆ' ಒಂದು ಕಾಲಕ್ಕೆ ಬಾಯಲ್ಲೂ ಇತ್ತು. 1476ರಲ್ಲಿ ಕ್ಯಾಕ್ಸ್‌ಟನ್ ಇಂಗ್ಲೆಂಡಿಗೆ ಅಚ್ಚಿನ ಯಂತ್ರ ತಂದ ಮೇಲೆ ಕಾಗುಣಿತ ನಿಧಾನಕ್ಕೆ ಗಟ್ಟಿಯಾಯಿತು, ನಾಲಿಗೆ ಮಾತ್ರ ಬದಲಾಗುತ್ತಲೇ ಹೋಯಿತು. ನಮ್ಮ ಕಡೆಯ 'ಲೂಟಿ', 'ಜಂಗಲ್', 'ಬಂಗ್ಲೆ' ಕೂಡ ಅದರೊಳಗೆ ಹೋಗಿ ಕೂತಿವೆ. ಇಷ್ಟೆಲ್ಲ ಒಳಗೆ ಬಿಟ್ಟುಕೊಂಡ ಭಾಷೆಗೆ ನೀವು ಯಾಕೆ ಹೆದರ್ತೀರಿ?

ವ್ಯಾಕರಣದ ಪುಸ್ತಕ, ಕ್ಲಾಸು, ಆ್ಯಪು ಯಾವುದು ಮೇಲು ಅಂತಲೂ ಕೇಳಿದ್ದೀರಿ. ಯಾವುದಾದರೂ ನಡೆಯುತ್ತೆ. ಉದಾಹರಣೆ ವಾಕ್ಯಗಳಿರುವ ಡಿಕ್ಷನರಿ ಮಾತ್ರ ಬೇಕೇ ಬೇಕು. ದಿನಕ್ಕೆ ಐದು ಪದ ಸಾಕು. ಪ್ರತಿಯೊಂದರ ಎಲ್ಲಾ ಅರ್ಥ ಓದ್ರಿ, ಒಂದೊಂದು ಅರ್ಥಕ್ಕೂ ನಿಮ್ಮದೇ ವಾಕ್ಯ ಬರೀರಿ. ಇವತ್ತೇ 'ಓವರ್‌ಸೈಟ್' ತೆಗೆದು ನೋಡ್ರಿ: ಮೇಲ್ವಿಚಾರಣೆಯೂ ಅದೇ, ಕಣ್ತಪ್ಪೂ ಅದೇ.