ತಮ್ಮನ ಬಿಜಿಎಂಐ (ಮೊಬೈಲಲ್ಲಿ ಆಡೋ ಶೂಟಿಂಗ್ ಗೇಮ್) ಅಕೌಂಟ್ ಹೋಯ್ತು ಅಂದಿದ್ರಲ್ಲ, ಅದಕ್ಕೆ
ಬೇಲೂರಿನವರೇ, ‘ಫ್ರೀ ಯುಸಿ (ಗೇಮೊಳಗೆ ಖರ್ಚು ಮಾಡೋ ದುಡ್ಡು) ಲಿಂಕಲ್ಲಿ ತಮ್ಮ ಫೇಸ್‌ಬುಕ್ ಪಾಸ್‌ವರ್ಡ್ ಹಾಕಿದ, ಈಗ ಗೇಮ್ ಓಪನ್ನೇ ಆಗ್ತಿಲ್ಲ, ಏನ್ಮಾಡೋದು, ಹೊಸ ಕಾನೂನಲ್ಲಿ ಈ ಗೇಮೂ ಬ್ಯಾನಾ’ ಅಂತ ಕೇಳಿದ್ರಿ.

ಗೇಮ್ ಆಮೇಲೆ, ಮೊದಲು ಫೇಸ್‌ಬುಕ್ ಹಿಡೀರಿ, ಗೇಮಿಗೆ ಲಾಗಿನ್ ಆಗೋದು ಅದ್ರಿಂದಾನೇ. ಅವನು ದಿನಾ ಬಳಸ್ತಿದ್ದ ಫೋನಿಂದಲೇ ಪಾಸ್‌ವರ್ಡ್ ಬದಲಾಯಿಸಿ, ಬೇರೆ ಎಲ್ಲಾ ಡಿವೈಸಿಂದ ಲಾಗ್‌ಔಟ್ ಕೊಡಿ. ಗೊತ್ತಿಲ್ಲದ ಇಮೇಲ್, ನಂಬರ್ ಸೇರ್ಕೊಂಡಿದ್ರೆ ಕಿತ್ತುಹಾಕಿ. ಜಿಮೇಲ್‌ಗೂ ಅದೇ ಪಾಸ್‌ವರ್ಡಾ? ಅದೂ ಇವತ್ತೇ ಬದಲಾಗ್ಲಿ. ಆಮೇಲೆ ಗೇಮಿನ ಸಪೋರ್ಟ್‌ಗೆ ಪ್ಲೇಯರ್ ಐಡಿ, ಯುಸಿ ಕೊಂಡ ರಸೀದಿ ಕಳಿಸಿ. ಐಡಿ ಮರ್ತಿದ್ರೆ ಜೊತೆಗೆ ಆಡೋ ಹುಡುಗರ ಫ್ರೆಂಡ್ ಲಿಸ್ಟಲ್ಲಿ ನೋಡ್ಸಿ.

ಫೇಸ್‌ಬುಕ್‌ಗೆ ಟೂ-ಸ್ಟೆಪ್ (ಪಾಸ್‌ವರ್ಡ್ ಜೊತೆ ಇನ್ನೊಂದು ಕೋಡೂ ಕೇಳೋ ವ್ಯವಸ್ಥೆ) ಹಾಕಲೇಬೇಕು. ನಮ್ಮದು ಸಕಲೇಶಪುರದ ಕಡೆ ತೋಟ. ಮಳೆಗಾಲದಲ್ಲಿ ಒಟಿಪಿ ಬೇಕಂದ್ರೆ ಛತ್ರಿ ಹಿಡ್ಕೊಂಡು ಕಾಫಿ ಕಣದ ಮೂಲೇಲಿ ನಿಲ್ಲಬೇಕು. ಬರೋಷ್ಟರಲ್ಲಿ ಅದರ ಆಯಸ್ಸೇ ಮುಗಿದಿರುತ್ತೆ. ಅದಕ್ಕೇ ಅಥೆಂಟಿಕೇಟರ್ ಆ್ಯಪ್ ಹಾಕ್ಕೊಂಡೆ. ಫೋನಲ್ಲಿ ಕೂತಿರೋ ಗುಟ್ಟಿನ ಕೀ, ಆ ಕ್ಷಣದ ಟೈಮು ಎರಡನ್ನೂ ಸೇರಿಸಿ 30 ಸೆಕೆಂಡಿಗೊಂದು ಕೋಡ್ ತಾನೇ ಹುಟ್ಟಿಸುತ್ತೆ, ಸಿಗ್ನಲ್ ಬೇಡ. ಫೋನ್ ಕಳೆದ್ರೆ ಬೇಕಾಗೋ ಬ್ಯಾಕಪ್ ಕೋಡ್ ಮಾತ್ರ ಕಾಗದದಲ್ಲಿ ಬರೆದಿಡಿ. (ಆ್ಯಪಿನ ಕೋಡನ್ನೂ ನಕಲಿ ಪೇಜಲ್ಲಿ ಒತ್ತಿದ್ರೆ ದೇವ್ರೇ ಗತಿ.)

ಬ್ಯಾನ್ ವಿಷ್ಯ: ಇಲ್ಲ. 2025ರ ಆಗಸ್ಟ್‌ನ ಕಾಯ್ದೆ ನಿಲ್ಲಿಸಿದ್ದು ದುಡ್ಡು ಕಟ್ಟಿ ದುಡ್ಡು ಗೆಲ್ಲೋ ಆಟಗಳನ್ನ, ಬಿಜಿಎಂಐ ಅಂಥದ್ದಲ್ಲ; ಇ-ಸ್ಪೋರ್ಟ್ಸ್‌ಗೆ (ಪೈಪೋಟಿಯಾಗಿ ಆಡೋ ವಿಡಿಯೋ ಗೇಮ್) ಮಾನ್ಯತೆ ಕೊಟ್ಟಿದೆ. ನನ್ನ ಕೇಳಿದ್ರೆ ಸರಿಯಾಗೇ ಮಾಡಿದ್ದಾರೆ, ರಮ್ಮೀಲಿ ಮನೆ ಕಳ್ಕೊಂಡೋರನ್ನ ನೋಡಿದೀನಿ.

ಬ್ಯಾಂಕಿಂದ ದುಡ್ಡೂ ಹೋಗಿದ್ರೆ ಈಗಲೇ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ‘ಐನೂರು ಕೊಡಿ, ಅಕೌಂಟ್ ವಾಪಸ್ ತರ್ತೀನಿ’ ಅಂತ ಟೆಲಿಗ್ರಾಂನಲ್ಲಿ ಬರೋರಿಗೆ ಉತ್ತರಾನೇ ಕೊಡ್ಬೇಡಿ, ಅವರೂ ಅದೇ ಗ್ಯಾಂಗು.