ಸ್ಟ್ರೈಡರ್‌ಗೆ ಆಗ ಎಷ್ಟು ವಯಸ್ಸು?

ಪ್ರಶ್ನೆ: ‘ಹಾಬಿಟ್’ ಸಿನಿಮಾದ ಮೂರನೇ ಭಾಗದ (2014) ಕೊನೆಗೆ ಎಲ್ಫ್ ಅನ್ನುವ ಸಾವಿಲ್ಲದ ಜನರ ರಾಜ ಥ್ರಾಂಡುಯಿಲ್ ತನ್ನ ಮಗ ಲೆಗೊಲಾಸ್‌ಗೆ, ಉತ್ತರಕ್ಕೆ ಹೋಗು, ಸ್ಟ್ರೈಡರ್ ಅಂತ ಒಬ್ಬನನ್ನು ಹುಡುಕು ಅನ್ನುತ್ತಾನೆ. ಅವನು ‘ಲಾರ್ಡ್ ಆಫ್ ದಿ ರಿಂಗ್ಸ್’ನ ವೀರ ಅರಗಾರ್ನ್ ಅಲ್ವಾ? ಆದರೆ ಮೂಲ ಪುಸ್ತಕಗಳನ್ನು ಬರೆದ ಟೋಲ್ಕಿನ್ ಪ್ರಕಾರ ಅವನಿಗೆ ಆಗ ಹತ್ತೇ ವರ್ಷ. ಗೆಳೆಯರ ನಡುವೆ ಇದಕ್ಕೆ ಜಗಳವೇ ಆಗಿದೆ.

ಉತ್ತರ: ಜಗಳ ನಿಲ್ಲಿಸಿ, ಎರಡೂ ಕಡೆಯವರು ಸರಿ. ಪುಸ್ತಕದಲ್ಲಿ ಅರಗಾರ್ನ್ ಹುಟ್ಟಿದ್ದು (ಆ ಕತೆಯ ಕಾಲಗಣನೆಯಲ್ಲಿ) ಮೂರನೇ ಯುಗದ 2931ರಲ್ಲಿ, ‘ಹಾಬಿಟ್’ನ ನಾಯಕ ಬಿಲ್ಬೋ ಡ್ರ್ಯಾಗನ್ ಬೆಟ್ಟಕ್ಕೆ ಹೋದದ್ದು 2941ರಲ್ಲಿ. ಹತ್ತು ವರ್ಷದ ಪೋರನನ್ನು ಹುಡುಕಿಕೊಂಡು ರಾಜಕುಮಾರ ಕಾಡು ಅಲೆಯುವುದು ತಮಾಷೆಯೇ. ಆದರೆ ಸಿನಿಮಾದ ಲೆಕ್ಕ ಬೇರೆ. ಪುಸ್ತಕದಲ್ಲಿ ಬಿಲ್ಬೋನ 111ನೇ ಹುಟ್ಟುಹಬ್ಬ ಆಗಿ 17 ವರ್ಷದ ಮೇಲೆ ಅವನ ಸಂಬಂಧಿ ಫ್ರೋಡೋ, ಬಿಲ್ಬೋಗೆ ಹಿಂದೆ ಸಿಕ್ಕಿದ್ದ ಮಾಯಾ ಉಂಗುರ ಹಿಡಿದು ಮನೆ ಬಿಡುತ್ತಾನೆ. ನಿರ್ದೇಶಕ ಪೀಟರ್ ಜ್ಯಾಕ್ಸನ್ 2001ರ ‘ಲಾರ್ಡ್ ಆಫ್ ದಿ ರಿಂಗ್ಸ್’ ಮೊದಲ ಭಾಗದಲ್ಲಿ ಆ 17 ವರ್ಷವನ್ನು ನುಂಗಿಬಿಟ್ಟರು. ಈಗ ಅದರ ಎರಡನೇ ಭಾಗದ ಉದ್ದನೆಯ ಆವೃತ್ತಿ ತೆಗೆಯಿರಿ: ಎಯೋವಿನ್ ಮಾಡಿಕೊಟ್ಟ ಸ್ಟ್ಯೂ ನುಂಗಲಾಗದೆ ಅರಗಾರ್ನ್ ಮೆಲ್ಲಗೆ ಚೆಲ್ಲಲು ನೋಡುತ್ತಾನಲ್ಲ, ಅದೇ ದೃಶ್ಯದಲ್ಲಿ ತನಗೆ 87 ಅಂತ ಒಪ್ಪಿಕೊಳ್ಳುತ್ತಾನೆ. ಬಿಲ್ಬೋನ ಪ್ರಯಾಣ ಹುಟ್ಟುಹಬ್ಬಕ್ಕಿಂತ 60 ವರ್ಷ ಹಿಂದಿನದು. 87ರಲ್ಲಿ 60 ಕಳೆಯಿರಿ. ಇಪ್ಪತ್ತೇಳರ ಗಟ್ಟಿ ಯುವಕ! ಸಿನಿಮಾವನ್ನು ಸಿನಿಮಾದ ಜೊತೆಗೇ ತೂಗಬೇಕು, ಪುಸ್ತಕದ ಜೊತೆ ಅಲ್ಲ ಅಂತ ನಾನು ಹೇಳುವುದು ಇದಕ್ಕೇ.

ಪ್ರಶ್ನೆ: ಹಾಗೆ ತೂಗಿದರೂ ಉಂಗುರ ಸಿಕ್ಕ ದೃಶ್ಯ ಹೊಂದುವುದಿಲ್ಲವಲ್ಲ? 2001ರಲ್ಲಿ ಬಿಲ್ಬೋ ಕತ್ತಲಲ್ಲಿ ತಡಕಾಡುವಾಗ ಸುಮ್ನೆ ಕೈಗೆ ಸಿಗುತ್ತದೆ. 2012ರ ‘ಹಾಬಿಟ್’ ಮೊದಲ ಭಾಗದಲ್ಲಿ ಅದು, ಗುಹೆಯಲ್ಲಿದ್ದ ವಿಚಿತ್ರ ಜೀವಿ ಗೊಲ್ಲಮ್‌ನಿಂದ ಉದುರಿ ಬೀಳುವುದನ್ನು ಅವನು ಕಣ್ಣಾರೆ ನೋಡುತ್ತಾನೆ.

ಉತ್ತರ: ಜ್ಯಾಕ್ಸನ್ ಸಿಕ್ಕಿಬಿದ್ದರು. ಇದಕ್ಕೆ ಲೆಕ್ಕದ ಸಮಾಧಾನ ಇಲ್ಲ. ನಟನೂ ಬೇರೆ, ಮೊದಲು ಇಯಾನ್ ಹೋಮ್, ಆಮೇಲೆ ಮಾರ್ಟಿನ್ ಫ್ರೀಮನ್. ಒಂದು ವಾದ ಮಾತ್ರ ನನಗೆ ಇಷ್ಟ: 2001ರ ದೃಶ್ಯಕ್ಕೆ ಹಿನ್ನೆಲೆ ದನಿ ಎಲ್ಫ್ ಹೆಂಗಸು ಗಲಾಡ್ರಿಯೆಲಳದು, ಅವಳು ಆ ಗುಹೆಯಲ್ಲಿ ಇರಲೇ ಇಲ್ಲ, ಯಾರೋ ಹೇಳಿದ್ದನ್ನು ಹೇಳುತ್ತಿದ್ದಾಳೆ. ಇದೇನು ಜಾಣ ನೆಪ ಅಂತ ನಗಬೇಡಿ. ಟೋಲ್ಕಿನ್ನರೇ ಇಂಥದ್ದು ಮಾಡಿದ್ದಾರೆ. ‘ಹಾಬಿಟ್’ ಪುಸ್ತಕದ 1937ರ ಮೊದಲ ಮುದ್ರಣದಲ್ಲಿ ಗೊಲ್ಲಮ್ ಒಗಟಿನ ಪಂದ್ಯಕ್ಕೆ ಉಂಗುರವನ್ನೇ ಬಹುಮಾನವಾಗಿ ಒಡ್ಡುತ್ತಾನೆ, ಸೋತ ಮೇಲೆ ಉಂಗುರ ಕಳೆದುಹೋಗಿದೆ ಅಂತ ಗೊತ್ತಾಗಿ ಪಾಪ ಕ್ಷಮೆಯನ್ನೂ ಕೇಳುತ್ತಾನೆ. ಮುಂದೆ ಆ ಉಂಗುರವೇ ಎಲ್ಲ ಕೇಡಿನ ಮೂಲ ಅಂತ ಕತೆ ಬೆಳೆದಾಗ, ಅಂಥದ್ದನ್ನು ಯಾರಾದರೂ ಪಂದ್ಯಕ್ಕೆ ಇಡುತ್ತಾರಾ? 1951ರ ಮುದ್ರಣದಲ್ಲಿ ಆ ಅಧ್ಯಾಯವನ್ನೇ ತಿದ್ದಿದರು. ಹಳೆಯದನ್ನು ಏನು ಮಾಡಿದರು ಗೊತ್ತಾ? ಅದು ಬಿಲ್ಬೋ ಹೇಳಿದ ಸುಳ್ಳು, ಉಂಗುರ ತನ್ನದೇ ಅಂತ ಸಾಧಿಸಲು ಕಟ್ಟಿದ ಕತೆ ಅಂದುಬಿಟ್ಟರು! ತಪ್ಪನ್ನೇ ಪಾತ್ರದ ಗುಣ ಮಾಡಿದ ಇಂಥ ತೇಪೆ ಬೇರೆ ಕಂಡಿಲ್ಲ.

ಪ್ರಶ್ನೆ: ಮಾಂತ್ರಿಕ ಗ್ಯಾಂಡಾಲ್ಫ್ ಡೋಲ್ ಗುಲ್ಡೂರ್ ಕೋಟೆಯಲ್ಲಿ, ಆ ಉಂಗುರದ ದುಷ್ಟ ಒಡೆಯ ಸೌರಾನ್‌ನನ್ನು ಎದುರೇ ಕಂಡ. ಬಿಲ್ಬೋ ಹತ್ತಿರ ಉಂಗುರ ಇರುವುದೂ ಗೊತ್ತು. ಮತ್ತೆ 60 ವರ್ಷ ಏನು ಮಾಡುತ್ತಿದ್ದ?

ಉತ್ತರ: ಈ ದೂರು ಸಿನಿಮಾದ ಮೇಲೆ ಹಾಕಬೇಡಿ, ಪುಸ್ತಕದಲ್ಲಿ ಇನ್ನೂ ಜಾಸ್ತಿ. ಅಲ್ಲಿ ಗ್ಯಾಂಡಾಲ್ಫ್‌ಗೆ ಅದು ಸೌರಾನ್ ಅಂತ 2850ರಲ್ಲೇ ತಿಳಿದಿತ್ತು. ಗ್ಯಾಂಡಾಲ್ಫ್‌ನನ್ನು ತಡೆದದ್ದು ಹಿರಿಯ ಮಾಂತ್ರಿಕ ಸಾರುಮಾನ್. ಉಂಗುರಗಳ ಪಂಡಿತ ತಾನು, ಆ ಒಂದು ಉಂಗುರ ನದಿಯಲ್ಲಿ ಉರುಳಿ ಸಮುದ್ರ ಸೇರಿತು ಅಂತ ಎಲ್ಲರನ್ನೂ ನಂಬಿಸಿದ್ದ. ಸಿನಿಮಾದಲ್ಲಿ ಇದು ಸಾರುಮಾನ್‌ನ ‘ಸೌರಾನ್‌ನನ್ನು ನನಗೆ ಬಿಡಿ’ ಅನ್ನುವ ಒಂದೇ ಮಾತಿನಲ್ಲಿ ಮುಗಿಯುತ್ತದೆ. ಎರಡು ನಿಮಿಷ ಜಾಸ್ತಿ ಕೊಟ್ಟಿದ್ದರೆ ನಿಮ್ಮ ಪ್ರಶ್ನೆಯೇ ಬರುತ್ತಿರಲಿಲ್ಲ. ಯುದ್ಧಕ್ಕೆ ಅಷ್ಟು ಹೊತ್ತು ಇತ್ತಲ್ಲ!

ಪ್ರಶ್ನೆ: 60 ವರ್ಷ ಹಿಂದಿನ ಕತೆಯಲ್ಲಿ ಲೆಗೊಲಾಸ್ ಮುಖ ಯಾಕೆ ಇನ್ನೂ ವಯಸ್ಸಾದಂತೆ ಕಾಣುತ್ತದೆ?

ಉತ್ತರ: ಎಲ್ಫ್‌ಗಳಿಗೆ ವಯಸ್ಸಾಗುವುದಿಲ್ಲ. ನಟ ಆರ್ಲ್ಯಾಂಡೊ ಬ್ಲೂಮ್‌ಗೆ ಆಗುತ್ತದೆ.